ರನ್ನನ ದುರ್ಯೋಧನ ಇಂದಿನ ಉಡುಪಿನಲ್ಲಿ ಕುಣಿದರೆ: ಗಡಿನಾಡ ಶಾಲೆಯ ವೇದಿಕೆಗೊಂದು ದಾರಿ

ವಾರ್ಷಿಕೋತ್ಸವ ಸಮೀಪಿಸಿತೆಂದರೆ ಕೊಹೀರ್, ಜಹೀರಾಬಾದ್, ನಾರಾಯಣಖೇಡ, ತಾಂಡೂರು ಭಾಗದ ಕನ್ನಡ ಮಾಧ್ಯಮ ಶಾಲೆಗಳ ಮುಂದೆ ಹಳೆಯ ಪ್ರಶ್ನೆಯೊಂದು ಮತ್ತೆ ಬಂದು ನಿಲ್ಲುತ್ತದೆ. ವೇದಿಕೆಯ ಎದುರು ಕನ್ನಡ ಬಲ್ಲ ಪೋಷಕರು ಕುಳಿತಿರುತ್ತಾರೆ. ಅವರ ಪಕ್ಕದಲ್ಲೇ ತೆಲುಗು ಮಾತ್ರ ಬಲ್ಲ ನೆರೆಯವರೂ ಮನೆಯಲ್ಲಿ ಉರ್ದು ಆಡುವವರೂ ಇರುತ್ತಾರೆ. ಕನ್ನಡ ನಾಟಕವಾಡಿಸಿದರೆ ಸಭೆಯ ಒಂದು ಭಾಗಕ್ಕೆ ಅರ್ಥವಾಗದು. ಚಲನಚಿತ್ರ ಗೀತೆಗೆ ಹೆಜ್ಜೆ ಹಾಕಿಸಿದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಆದರೆ ಆ ಮಗು ಕನ್ನಡದಲ್ಲಿ ಓದಿದೆ ಎಂಬುದಕ್ಕೆ ಅಲ್ಲಿ ಯಾವ ಗುರುತೂ ಉಳಿಯದು.

ಈ ಎರಡರ ನಡುವೆ ಮೂರನೆಯ ದಾರಿಯೊಂದಿದೆ. ಕನ್ನಡದ ಹಳೆಯ ದುರಂತ ಕಥೆಯೊಂದನ್ನು ಆರಿಸಿ, ಅದನ್ನು ಇಂದಿನ ಊರು, ಇಂದಿನ ಉಡುಪಿನಲ್ಲಿಟ್ಟು, ಸಮಕಾಲೀನ ನೃತ್ಯವಾಗಿ ನಿರೂಪಿಸುವ ದಾರಿ ಅದು. ಇದು ಹೊಸ ಹುಚ್ಚೆಂದು ತೋರಬಹುದು. ಆದರೆ ಲೋಕದಲ್ಲಿಯೂ ಕನ್ನಡದಲ್ಲಿಯೂ ಈ ದಾರಿಯಲ್ಲಿ ನಡೆದವರಿದ್ದಾರೆ. ಅವರು ಏನನ್ನು ಬದಲಿಸಿದರು, ಏನನ್ನು ಉಳಿಸಿಕೊಂಡರು ಎಂಬುದನ್ನು ತಿಳಿದರೆ ನಮ್ಮ ಶಾಲೆಗಳಿಗೂ ಇದು ಸಾಧ್ಯವೆಂಬುದು ಮನವರಿಕೆಯಾಗುತ್ತದೆ.

ಎರಡು ಪದಗಳ ಅರ್ಥ

ಮೊದಲು ‘ದುರಂತ’ವೆಂದರೇನು? ಕೆಟ್ಟದ್ದು ಸಂಭವಿಸಿದ ಮಾತ್ರಕ್ಕೆ ಅದು ದುರಂತ ಕಾವ್ಯವಾಗದು. ರಸ್ತೆಯಲ್ಲಿ ಬಸ್ಸು ಉರುಳಿದರೆ ಅದು ಅಪಘಾತ. ದೊಡ್ಡ ಗುಣವುಳ್ಳ ವ್ಯಕ್ತಿಯೊಬ್ಬ ಹಿರಿಯರ ಬುದ್ಧಿಮಾತು ಕೇಳಿಯೂ, ಹಿಂದೆ ಸರಿಯಲು ಅವಕಾಶವಿದ್ದೂ, ತನ್ನ ಆಯ್ಕೆಯಿಂದಲೇ ನಾಶದ ಕಡೆಗೆ ನಡೆದುಹೋದರೆ ಅದು ದುರಂತ. ತನ್ನಿಂದಲೇ ಏನು ಕೈತಪ್ಪಿತು ಎಂಬ ಅರಿವು ಅವನಿಗೆ ಬರುವಷ್ಟರಲ್ಲಿ ಕಾಲ ಮೀರಿರುತ್ತದೆ. ಬಿ.ಎಂ.ಶ್ರೀಕಂಠಯ್ಯನವರು ಇಂತಹ ನಾಟಕವನ್ನು ‘ರುದ್ರನಾಟಕ’ವೆಂದು ಕರೆದರು.

ಇನ್ನು ‘ಸಮಕಾಲೀನ ನೃತ್ಯ’. ಭರತನಾಟ್ಯ, ಕೂಚಿಪೂಡಿಗಳಲ್ಲಿರುವಂತೆ ಇಲ್ಲಿ ನಿಗದಿಯಾದ ಮುದ್ರೆಗಳ ಕೋಶವಿಲ್ಲ. ನಡೆಯುವುದು, ಬೀಳುವುದು, ಏಳುವುದು, ಒಬ್ಬರ ಭಾರವನ್ನು ಇನ್ನೊಬ್ಬರು ಹೊರುವುದು, ಸುಮ್ಮನೆ ನಿಲ್ಲುವುದು ಇವೆಲ್ಲವೂ ನೃತ್ಯದ ಸಾಮಗ್ರಿ. 1992ರಲ್ಲಿ ಆರಂಭವಾದ, ಬೆಂಗಳೂರಿನ ಅಟ್ಟಕ್ಕಲರಿಯಂತಹ ಸಂಸ್ಥೆಗಳು ನಮ್ಮ ದೇಶದ ನೃತ್ಯ ಹಾಗೂ ಕಳರಿಪಯಟ್ಟಿನಂತಹ ಸಮರಕಲೆಗಳಿಂದಲೂ ಚಲನೆಗಳನ್ನು ಪಡೆದು ಈ ಕಲೆಯನ್ನು ಬೆಳೆಸಿವೆ. ವರ್ಷಗಟ್ಟಲೆ ಶಾಸ್ತ್ರೀಯ ಅಭ್ಯಾಸವಿಲ್ಲದ ಮಕ್ಕಳೂ ಇದರಲ್ಲಿ ಪಾಲ್ಗೊಳ್ಳಬಹುದೆಂಬುದು ಶಾಲೆಯ ಮಟ್ಟಿಗೆ ದೊಡ್ಡ ಅನುಕೂಲ.

ಶೋಕವನ್ನು ಕುಣಿತದಲ್ಲಿ ಹೇಳುವುದು ನಮಗೆ ಅಪರಿಚಿತವೂ ಅಲ್ಲ. ಮೊಹರಂ ದಿನಗಳಲ್ಲಿ ಕಲ್ಯಾಣ ಕರ್ನಾಟಕದ ಹಳ್ಳಿಗಳಲ್ಲಿ ಹಾಡುವ ಕನ್ನಡದ ರಿವಾಯತ್ ಪದಗಳು ಮತ್ತು ಅವುಗಳ ಜೊತೆಗಿನ ಹೆಜ್ಜೆಗಳು ಕರ್ಬಲಾದ ನೋವನ್ನು ಊರಿನ ಎಲ್ಲ ಜಾತಿಮತದವರಿಗೂ ಮುಟ್ಟಿಸುತ್ತ ಬಂದಿವೆ. ತೆಲಂಗಾಣದ ಪೀರ್ಲ ಹಬ್ಬದಲ್ಲಿಯೂ ಚಿಂದು ಭಾಗವತದಲ್ಲಿಯೂ ಕಥೆಯನ್ನು ಕಾಲು ಹೇಳುತ್ತದೆ.

ನಮ್ಮ ನೆರೆಯ ಕವಿಯ ದುರಂತ

ಕನ್ನಡದಲ್ಲಿ ದುರಂತ ಕಥೆಯನ್ನು ಹುಡುಕಹೊರಟರೆ ಮೊದಲು ಎದುರಾಗುವುದು ರನ್ನನ ‘ಗದಾಯುದ್ಧ’. ‘ಸಾಹಸಭೀಮ ವಿಜಯ’ವೆಂಬುದು ಅದರ ಇನ್ನೊಂದು ಹೆಸರು. 949ರಲ್ಲಿ ಇಂದಿನ ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ, ಚಾಲುಕ್ಯ ದೊರೆ ತೈಲಪ ಮತ್ತು ಅವನ ಮಗ ಸತ್ಯಾಶ್ರಯರ ಆಶ್ರಯದಲ್ಲಿದ್ದ ಕವಿ. ರಾಷ್ಟ್ರಕೂಟರನ್ನು ಸೋಲಿಸಿ 973ರಲ್ಲಿ ಅಧಿಕಾರಕ್ಕೆ ಬಂದ ತೈಲಪನ ರಾಜಧಾನಿ ಮಾನ್ಯಖೇಟ, ಎಂದರೆ ಇಂದಿನ ಮಳಖೇಡ. ತಾಂಡೂರಿನಲ್ಲಿ ವಾಡಿಯ ಕಡೆಗೆ ಹೋಗುವ ರೈಲು ಹತ್ತಿದರೆ, ಸೇಡಂ ದಾಟಿದ ಮೇಲೆ ಮಳಖೇಡ ರೋಡ್ ನಿಲ್ದಾಣ ಸಿಗುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಗೆ ಮುನ್ನ ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿಯೂ ಜಹೀರಾಬಾದ್, ನಾರಾಯಣಖೇಡಗಳು ಬೀದರ ಜಿಲ್ಲೆಯಲ್ಲಿಯೂ ಇದ್ದವೆಂಬುದನ್ನು ನೆನೆದರೆ, ರನ್ನ ನಮ್ಮ ಮಕ್ಕಳಿಗೆ ದೂರದ ಕವಿಯೇನಲ್ಲ.

ರನ್ನನೂ ಹಳೆಯ ಕಥೆಯನ್ನು ತನ್ನ ಕಾಲಕ್ಕೆ ತಂದವನೇ. ಸಾಹಸಭೀಮನೆಂಬ ಬಿರುದುಳ್ಳ ಸತ್ಯಾಶ್ರಯನನ್ನು ಭೀಮನಿಗೆ ಸಮೀಕರಿಸಿ ಅವನು ಕಾವ್ಯ ಕಟ್ಟಿದ. ಹೆಸರಿನಲ್ಲಿ ಗೆಲುವು ಭೀಮನದು. ಓದುಗನ ಮನಸ್ಸು ಮಾತ್ರ ದುರ್ಯೋಧನನ ಹಿಂದೆ ಹೋಗುತ್ತದೆ. ಯುದ್ಧದ ಕೊನೆಯ ದಿನದಲ್ಲಿ ನಿಂತು, ಸಿಂಹವು ತಿರುಗಿ ನೋಡುವಂತೆ, ಇಡೀ ಭಾರತದ ಕಥೆಯನ್ನು ಹಿನ್ನೋಟದಲ್ಲಿ ಕಾಣಿಸುವ ‘ಸಿಂಹಾವಲೋಕನ’ ಕ್ರಮ ಅವನದು.

ನೃತ್ಯಕ್ಕೆ ಈ ಕಾವ್ಯ ಏಕೆ ಒಗ್ಗುತ್ತದೆಯೆಂದರೆ ಅದರ ನಡುಭಾಗವೇ ಒಂದು ನಡಿಗೆ. ಸಂಧಿ ಮಾಡಿಕೊಳ್ಳೆಂದು ತಂದೆತಾಯಿ ಬೇಡಿಕೊಂಡರೂ ಒಪ್ಪದ ದುರ್ಯೋಧನ, ಸಂಜಯನೊಡನೆ ರಣರಂಗದ ಹೆಣಗಳ ನಡುವೆ ಭೀಷ್ಮನನ್ನು ಕಾಣಲು ನಡೆಯುತ್ತಾನೆ. ದಾರಿಯಲ್ಲಿ ಗುರು ದ್ರೋಣ, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ ಬಿದ್ದಿದ್ದಾರೆ. ಒಬ್ಬೊಬ್ಬರ ಮುಂದೆಯೂ ಅವನು ನಿಲ್ಲುತ್ತಾನೆ. ಶತ್ರುಪಕ್ಷದ ಬಾಲಕ ಅಭಿಮನ್ಯುವಿನ ಮುಂದೆಯೂ ನಿಂತು, ಕೈಮುಗಿದು, ತನಗೂ ಅಂತಹ ವೀರಮರಣ ಬರಲೆಂದು ಬಯಸುತ್ತಾನೆ. ಬಳಿಕ ವೈಶಂಪಾಯನ ಸರೋವರ. ಭೀಮನ ಗರ್ಜನೆಗೆ ನೀರೊಳಗಿದ್ದವನೂ ಬೆವರುತ್ತಾನೆ. ನಡೆಯುವುದು, ನಿಲ್ಲುವುದು, ಬಾಗುವುದು, ಮುಳುಗುವುದು, ಏಳುವುದು ಇವೆಲ್ಲವೂ ದೇಹದ ಮಾತುಗಳೇ.

ಬದಲಿಸಿದವರು, ಉಳಿಸಿದವರು

ಕನ್ನಡದಲ್ಲಿ ಬಿ.ಎಂ.ಶ್ರೀ ಅವರು 1926ರಲ್ಲಿ ರನ್ನನ ಕಾವ್ಯದಿಂದಲೇ ‘ಗದಾಯುದ್ಧ ನಾಟಕಂ’ ರೂಪಿಸಿ, ದುರ್ಯೋಧನನನ್ನು ರುದ್ರನಾಟಕದ ನಾಯಕನಾಗಿ ನಿಲ್ಲಿಸಿದರು. ಮೂರು ವರ್ಷಗಳ ನಂತರ ಗ್ರೀಕ್ ಕವಿ ಸೊಫೊಕ್ಲಿಸನ ‘ಅಯಾಸ್’ ನಾಟಕವನ್ನು ‘ಅಶ್ವತ್ಥಾಮನ್’ ಆಗಿಸಿದರು. ಅಲ್ಲಿ ಚಿರಂಜೀವಿಯೆನಿಸಿದ ಅಶ್ವತ್ಥಾಮನೇ ಸಾಯುತ್ತಾನೆ. ಇದು ಸರಿಯೇ ಎಂಬ ಚರ್ಚೆ ಎದ್ದಿತು. ಹಳೆಯ ಕಥೆಯನ್ನು ಬದಲಿಸುವವನು ಅಂತಹ ಪ್ರಶ್ನೆಗೆ ಉತ್ತರಿಸಲು ಸಿದ್ಧನಿರಬೇಕೆಂಬುದು ಇದರ ಪಾಠ. ಮುಂದೆ ಎಚ್.ಎಸ್.ಶಿವಪ್ರಕಾಶರು ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ಅನ್ನು ನಮ್ಮ ಪಾಳೆಯಗಾರರ ಲೋಕಕ್ಕೆ ತಂದು ‘ಮಾರನಾಯಕನ ದೃಷ್ಟಾಂತ’ ಬರೆದರು. ಹುಲುಗಪ್ಪ ಕಟ್ಟೀಮನಿಯವರು ಆ ನಾಟಕವನ್ನು ಸೆರೆಮನೆಯ ಬಂದಿಗಳಿಂದಲೇ ಆಡಿಸಿದರು.

ನೃತ್ಯದಲ್ಲಿ ಇದೇ ಕೆಲಸ ಮಾಡಿದ ಮೂರು ಕೃತಿಗಳನ್ನು ಇಲ್ಲಿ ನೋಡಬಹುದು. 1957ರಲ್ಲಿ ನ್ಯೂಯಾರ್ಕಿನಲ್ಲಿ ತೆರೆಕಂಡ ‘ವೆಸ್ಟ್ ಸೈಡ್ ಸ್ಟೋರಿ’, ರೋಮಿಯೋ ಜೂಲಿಯೆಟ್ ಕಥೆಯನ್ನು ಆ ನಗರದ ಬೀದಿಗೆ ತಂದಿತು. ಎರಡು ಮನೆತನಗಳ ಹಗೆ ಎರಡು ಪುಂಡ ತಂಡಗಳ ಹಗೆಯಾಯಿತು. ನಾಯಕಿಯ ಮಹಡಿಯ ಕಟಾಂಜನ ಕಬ್ಬಿಣದ ಹೊರಮೆಟ್ಟಿಲಾಯಿತು. ಜೆರೋಮ್ ರಾಬಿನ್ಸ್ ಸಂಯೋಜಿಸಿದ ಆ ನೃತ್ಯದಲ್ಲಿ ತಂಡಗಳ ಜಗಳವೇ ಕುಣಿತವಾಯಿತು. ಕೊನೆಯಲ್ಲಿ ನಾಯಕಿ ಸಾಯುವುದಿಲ್ಲ. ಆದರೆ ಹಗೆಯೇ ಪ್ರೀತಿಯನ್ನು ಕೊಂದಿತೆಂಬ ತಿರುಳು ಹಾಗೆಯೇ ಉಳಿಯಿತು.

ಅಮೆರಿಕದ ಮಾರ್ಥಾ ಗ್ರಹಾಂ 1947ರಲ್ಲಿ ಈಡಿಪಸ್ ರಾಜನ ಕಥೆಯನ್ನು ಅವನ ತಾಯಿಯೂ ಪತ್ನಿಯೂ ಆದ ಜೊಕಾಸ್ತಳ ಕಣ್ಣಿನಿಂದ ನೃತ್ಯವಾಗಿಸಿದರು. ಕಥೆ ಆರಂಭವಾಗುವುದು ಅವಳ ಕೊನೆಯ ಗಳಿಗೆಯಲ್ಲಿ. ಅಲ್ಲಿಂದ ಅವಳು ಹಿಂದಿರುಗಿ ನೋಡುತ್ತಾಳೆ. ಸಾವಿರ ವರ್ಷಗಳ ಹಿಂದೆ ರನ್ನ ಹಿಡಿದ ಸಿಂಹಾವಲೋಕನಕ್ಕೆ ಇದು ಎಷ್ಟು ಹತ್ತಿರ!

1949ರಲ್ಲಿ ಹೊಸೆ ಲಿಮೋನ್ ಎಂಬ ಕಲಾವಿದರು ಶೇಕ್ಸ್‌ಪಿಯರನ ‘ಒಥೆಲೊ’ವನ್ನು ಕೇವಲ ನಾಲ್ವರು ನರ್ತಕರು ಮತ್ತು ಒಂದು ಕರವಸ್ತ್ರದಿಂದ ಹೇಳಿ ಮುಗಿಸಿದರು. ಕೈಯಿಂದ ಕೈಗೆ ಹೋಗುವ ಆ ವಸ್ತ್ರವನ್ನು ನೋಡುತ್ತಿದ್ದರೆ ಸಂಶಯ ಹೇಗೆ ಹರಡಿತೆಂಬುದು ತಿಳಿಯುತ್ತದೆ. ಹಣವಿಲ್ಲದ ಶಾಲೆಗೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕಿಲ್ಲ.

ಮಾತಿಲ್ಲದಿದ್ದರೆ ಕನ್ನಡವೆಲ್ಲಿ?

ಇಲ್ಲಿ ಪೋಷಕರು ನ್ಯಾಯವಾದ ಪ್ರಶ್ನೆಯೊಂದನ್ನು ಕೇಳಬಹುದು. ಕನ್ನಡ ಉಳಿಯಲೆಂದು ಮಕ್ಕಳನ್ನು ಈ ಶಾಲೆಗೆ ಕಳುಹಿಸುತ್ತಿದ್ದೇವೆ. ವೇದಿಕೆಯ ಮೇಲೆ ಮಾತನ್ನೇ ತೆಗೆದುಹಾಕಿದರೆ ಉಳಿಯುವುದೇನು?

ಇದಕ್ಕೆ ಉತ್ತರವನ್ನು ಶಿವರಾಮ ಕಾರಂತರ ಕೆಲಸದಲ್ಲಿ ಕಾಣಬಹುದು. ಯಕ್ಷಗಾನವನ್ನು ‘ಬ್ಯಾಲೆ’ಯಾಗಿ ರೂಪಿಸಿದಾಗ ಅವರು ಪಾತ್ರಧಾರಿಗಳ ಮಾತುಗಾರಿಕೆಯನ್ನು ಕೈಬಿಟ್ಟು, ಕಥೆಯ ಭಾರವನ್ನು ಸಂಗೀತ ಮತ್ತು ಕುಣಿತದ ಮೇಲೆ ಹೊರಿಸಿದರು. ಪಿಟೀಲು, ಸ್ಯಾಕ್ಸೊಫೋನುಗಳನ್ನೂ ಸೇರಿಸಿಕೊಂಡರು. ಅಭಿಮನ್ಯು ವಧೆಯಂತಹ ಪ್ರಸಂಗಗಳು ಈ ರೀತಿಯಲ್ಲಿ ಕನ್ನಡ ಬಾರದವರನ್ನೂ ಮುಟ್ಟಿದವು.

ನಮ್ಮ ಶಾಲೆಗಳಿಗೆ ಇನ್ನೂ ಒಂದು ಅನುಕೂಲವಿದೆ. ಕಾವ್ಯವನ್ನು ರಾಗವಾಗಿ ಓದುವ ಗಮಕ ಕಲೆ ಕನ್ನಡದ ಸ್ವತ್ತು. ನರ್ತಿಸುವವರು ಮೌನವಾಗಿರಲಿ, ಬದಿಯಲ್ಲಿ ಕುಳಿತ ಇಬ್ಬರು ಮಕ್ಕಳು ರನ್ನನ ಪದ್ಯಗಳನ್ನು ಗಮಕದಲ್ಲಿ ಹಾಡಲಿ. ಅರ್ಥ ತಿಳಿಯದವರಿಗೆ ಕನ್ನಡದ ನಾದ, ತಿಳಿದವರಿಗೆ ನಾದವೂ ಅರ್ಥವೂ ದೊರೆಯುತ್ತವೆ. ಅದಕ್ಕಿಂತ ಮುಖ್ಯವಾಗಿ, ಹಳಗನ್ನಡದ ಆ ಪದ್ಯವನ್ನು ಗದ್ಯಾನುವಾದದೊಡನೆ ಓದಿ ಬಿಡಿಸಿಕೊಳ್ಳದೆ ಯಾವ ಮಗುವೂ ಅದನ್ನು ಕುಣಿಯಲಾರದು. ವೇದಿಕೆಯ ಹದಿನೈದು ನಿಮಿಷದ ಹಿಂದೆ ತಿಂಗಳುಗಳ ಕನ್ನಡ ಓದು ಇರುತ್ತದೆ.

ಕೊಹೀರಿನ ತೋಟದಲ್ಲಿ ಕುರುಕ್ಷೇತ್ರ

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಕುರುಕ್ಷೇತ್ರವೆಂದರೆ ಮೂಲತಃ ದಾಯಾದಿಗಳ ನೆಲದ ವ್ಯಾಜ್ಯ. ಕೊಹೀರಿನ ಪೇರಲ ತೋಟವೊಂದರಲ್ಲಿ, ಎಂದರೆ ನಮ್ಮ ಆಡುಮಾತಿನ ಜಾಮ ತೋಟದಲ್ಲಿ, ಅಣ್ಣತಮ್ಮಂದಿರ ಮಕ್ಕಳ ನಡುವೆ ಬದುವಿನ ಜಗಳ. ಹೆದ್ದಾರಿ ಸಮೀಪವಾಗಿ ನೆಲದ ಬೆಲೆ ಏರಿದೆ. ಒಂದು ಗೇಣು ಬಿಟ್ಟುಕೊಡಲೂ ಹಿರಿಯವನು ಒಪ್ಪುತ್ತಿಲ್ಲ. ಗದೆಯ ಜಾಗದಲ್ಲಿ ಅಳತೆಯ ಟೇಪು. ಲಿಮೋನರ ಕರವಸ್ತ್ರದಂತೆ ಇಡೀ ನೃತ್ಯಕ್ಕೆ ಅದೊಂದೇ ವಸ್ತು. ಅದು ನೆಲವನ್ನು ಅಳೆಯುತ್ತದೆ, ಮನೆಯನ್ನು ಎರಡಾಗಿಸುತ್ತದೆ, ಕೊನೆಗೆ ಅಳೆದವನ ಕಾಲಿಗೇ ಸುತ್ತಿಕೊಳ್ಳುತ್ತದೆ.

ನಾಯಕ ಒಬ್ಬನೇ ಕುಳಿತಿರುವ ಕೊನೆಯ ಗಳಿಗೆಯಿಂದ ಆರಂಭ. ತಂದೆತಾಯಿ ಬಂದು ಬೇಡುತ್ತಾರೆ. ಅವನು ಎದ್ದು ನಡೆಯುತ್ತಾನೆ. ನೆಲದ ಮೇಲೆ ಸಾಲಾಗಿ ಮಲಗಿದವರು ಈ ಜಗಳದಲ್ಲಿ ಅವನು ಕಳೆದುಕೊಂಡವರು: ಓದು ಕಲಿಸಿದ ಗುರು, ಪ್ರಾಣದ ಗೆಳೆಯ, ತಮ್ಮ, ಮಗ. ಸರೋವರದ ಬದಲು ತೋಟದ ಬಾವಿ. ನಾಲ್ವರು ಹಿಡಿದ ನೀಲಿ ಬಟ್ಟೆ ಸಾಕು.

ಈ ಮಾರ್ಪಾಟಿನಲ್ಲಿ ಕಿರೀಟ, ಗದೆ, ರಥಗಳನ್ನು ಬಿಡಬಹುದು. ಆದರೆ ಮೂರನ್ನು ಬಿಡುವಂತಿಲ್ಲ. ತಂದೆತಾಯಿಯ ಬೇಡಿಕೆಯನ್ನು ಬಿಟ್ಟರೆ ನಾಯಕನಿಗೆ ಆಯ್ಕೆಯಿತ್ತೆಂಬುದೇ ತಿಳಿಯದು. ಎದುರು ಮನೆಯ ಹುಡುಗನ ಮುಂದೆ ಅವನು ಬಾಗುವುದನ್ನು ಬಿಟ್ಟರೆ ಅವನು ಚಲನಚಿತ್ರದ ಖಳನಾಗಿಬಿಡುತ್ತಾನೆ, ನೋಡುವವರು ಅವನ ಸೋಲಿಗೆ ಸಿಳ್ಳೆ ಹಾಕುತ್ತಾರೆ. ಇನ್ನು ಭೀಮ ತೊಡೆಗೆ ಹೊಡೆದದ್ದು ಗದಾಯುದ್ಧದ ನಿಯಮಕ್ಕೆ ವಿರುದ್ಧ. ಅದನ್ನು ಬಿಟ್ಟರೆ ಗೆದ್ದವನೂ ತಲೆತಗ್ಗಿಸಬೇಕಾದ ಗಳಿಗೆ ಮಾಯವಾಗುತ್ತದೆ.

ಕೆಲವು ಎಚ್ಚರಗಳು

ಊರಿನ ಯಾವುದೇ ಮನೆಯ ನಿಜವಾದ ವ್ಯಾಜ್ಯ ನೃತ್ಯದಲ್ಲಿ ಗುರುತು ಸಿಗುವಂತಿರಬಾರದು. ಸಾವನ್ನು ದೊಡ್ಡಸ್ತಿಕೆಯೆಂಬಂತೆ ತೋರಿಸದೆ, ಅಭ್ಯಾಸದ ದಿನಗಳಲ್ಲಿಯೇ ಅದರ ಕುರಿತು ಶಿಕ್ಷಕರು ಮಕ್ಕಳೊಡನೆ ಮಾತಾಡಬೇಕು. ಬೀಳುವ, ಎತ್ತುವ ಚಲನೆಗಳನ್ನು ಮೊದಲು ಜಮಖಾನೆಯ ಮೇಲೆ ನಿಧಾನವಾಗಿ ಕಲಿಸಬೇಕು. ಪ್ರದರ್ಶನಕ್ಕೆ ಮುನ್ನ ಕಥೆಯ ಸಾರವನ್ನು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಎರಡೆರಡು ನಿಮಿಷ ಹೇಳಿಸಿದರೆ ಸಭೆ ಒಂದಾಗುತ್ತದೆ.

ಪೋಷಕರು ಮಾಡಬಹುದಾದ ಕೆಲಸವೂ ಇದೆ. ಮಗು ಮನೆಗೆ ಬಂದಾಗ, ದುರ್ಯೋಧನ ಯಾಕೆ ಅಭಿಮನ್ಯುವಿಗೆ ಕೈಮುಗಿದ ಎಂದು ಕೇಳಿ. ಬೀದರದ ಕಡೆಯ ನಮ್ಮ ಮನೆಮಾತಿನಲ್ಲಿಯೇ ಅದು ಉತ್ತರಿಸಲಿ, ಅಜ್ಜಿಯೂ ಕೇಳಲಿ. ಶಾಲೆಯ ಪುಸ್ತಕದ ಕನ್ನಡವೂ ಮನೆಯ ಕನ್ನಡವೂ ಒಂದೇ ಕಥೆಯ ಸುತ್ತ ಕೂಡುವ ಅವಕಾಶ ಗಡಿನಾಡಿನಲ್ಲಿ ಹೆಚ್ಚಾಗಿ ಸಿಗುವುದಿಲ್ಲ. ಆ ಮಾತುಕತೆ ಒಂದು ಸಂಜೆ ನಡೆದರೆ, ವೇದಿಕೆಯ ಮೇಲೆ ಹೆಜ್ಜೆ ತಪ್ಪಿದರೂ ಚಿಂತೆಯಿಲ್ಲ.