ಜಿಮ್, ಹುರುಪು, ಜೊತೆಗಾರರು: ತಪ್ಪು ಕಲ್ಪನೆ ಮತ್ತು ಸತ್ಯ

ಹುರುಪು ಮೊದಲು ಬರಬೇಕು, ವ್ಯಾಯಾಮ ಆಮೇಲೆ ಎಂಬ ನಂಬಿಕೆ ಜಿಮ್ ಸೇರುವವರಲ್ಲಿ ಆಳವಾಗಿ ಬೇರೂರಿದೆ. ನಿಜವಾಗಿ ನಡೆಯುವುದು ಹೆಚ್ಚಾಗಿ ಇದರ ತಿರುವುಮುರುವು. ಭಾರ ಎತ್ತಲು ತೊಡಗಿದ ಮೊದಲ ಕೆಲವು ವಾರಗಳಲ್ಲಿ ಸ್ನಾಯು ಅಷ್ಟೇನೂ ದಪ್ಪಗಾಗುವುದಿಲ್ಲ. ಇರುವ ಸ್ನಾಯುವನ್ನೇ ಚೆನ್ನಾಗಿ ದುಡಿಸಿಕೊಳ್ಳಲು ನರಮಂಡಲ ಕಲಿಯುತ್ತದೆ. ಕನ್ನಡಿಯಲ್ಲಿ ಏನೂ ಕಾಣದ ಹೊತ್ತಿಗೇ ಎತ್ತುವ ಕಿಲೋ ಏರಿರುತ್ತದೆ. ಅದನ್ನು ಪುಸ್ತಕದಲ್ಲಿ ಬರೆದಿಟ್ಟವರಿಗೆ ನಾಳೆ ಹೋಗಲು ಕಾರಣ ಸಿಗುತ್ತದೆ.

21 ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎಂಬ ಮಾತಿಗೂ ಗಟ್ಟಿ ಆಧಾರವಿಲ್ಲ. ಹೊಸ ಮುಖಕ್ಕೆ ಹೊಂದಿಕೊಳ್ಳಲು ರೋಗಿಗಳಿಗೆ ಕನಿಷ್ಠ 21 ದಿನ ಬೇಕು ಎಂದು ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ 1960ರಲ್ಲಿ ಬರೆದಿದ್ದರು. ಬಾಯಿಂದ ಬಾಯಿಗೆ ಹೋಗುತ್ತ ‘ಕನಿಷ್ಠ’ ಬಿದ್ದುಹೋಯಿತು. ಲಂಡನ್ನಿನಲ್ಲಿ ಸಂಶೋಧಕಿ ಫಿಲಿಪಾ ಲಾಲಿ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ ಅಭ್ಯಾಸ ಕೂಡಿಬರುವ ಅವಧಿ 18ರಿಂದ 254 ದಿನಗಳವರೆಗೆ ಹರಡಿತ್ತು, ಮಧ್ಯಾಂಕ 66 ದಿನ. ನಡುವೆ ಒಂದು ದಿನ ತಪ್ಪಿದರೆ ಎಲ್ಲ ಕೆಡುವುದಿಲ್ಲ ಎಂಬುದೂ ಅದರಲ್ಲೇ ತಿಳಿಯಿತು.

ಜೊತೆಗಾರರ ಬಗೆಗಿನ ತಪ್ಪು ಕಲ್ಪನೆಗಳು ಇನ್ನೂ ಹೆಚ್ಚು. ಸಮಬಲದವರೇ ಜೊತೆಯಾಗಬೇಕು, ಇಲ್ಲವೇ ಎಲ್ಲರಿಗಿಂತ ಬಲಶಾಲಿಯ ಹಿಂದೆ ಬೀಳಬೇಕು ಎನ್ನುತ್ತಾರೆ. ಎರಡೂ ಸರಿಯಲ್ಲ. 1920ರ ದಶಕದಲ್ಲಿ ಜರ್ಮನಿಯ ಮನಶ್ಶಾಸ್ತ್ರಜ್ಞ ಒಟ್ಟೊ ಕೋಲರ್ ಬರ್ಲಿನ್ನಿನ ದೋಣಿಸ್ಪರ್ಧೆ ಕ್ಲಬ್ಬಿನ ಸದಸ್ಯರಿಂದ ಸುಸ್ತಾಗುವವರೆಗೆ ಭಾರ ಎತ್ತಿಸಿದರು: ಒಬ್ಬರೇ ಆದಾಗ 41 ಕಿಲೋ, ಇಬ್ಬರು ಸೇರಿದಾಗ 82 ಕಿಲೋ. ಒಬ್ಬರು ಕೈಬಿಟ್ಟರೆ ಇಬ್ಬರ ಆಟವೂ ಮುಗಿದಂತೆ. ಆಗ ದುರ್ಬಲರು ಒಂಟಿಯಾಗಿ ಎತ್ತಿದ್ದಕ್ಕಿಂತ ಹೆಚ್ಚು ಹೊತ್ತು ತಡೆದುಕೊಂಡರು. ಈ ಲಾಭ ಅತಿ ಹೆಚ್ಚಾಗಿ ಕಂಡದ್ದು ಇಬ್ಬರ ಶಕ್ತಿಯ ಅಂತರ ಮಧ್ಯಮವಾಗಿದ್ದಾಗ. ತನ್ನಿಂದ ಇನ್ನೊಬ್ಬರಿಗೆ ತೊಂದರೆಯಾಗಬಾರದು ಎಂಬ ಭಾವ ತೋಳಿನಲ್ಲಿ ಉಳಿದಿರುವ ಬಲವನ್ನು ಹೊರಗೆ ತರುತ್ತದೆ.

ಹಾಗೆಂದು ಯಾವ ಗುಂಪಾದರೂ ಸಾಕು ಎನ್ನುವಂತಿಲ್ಲ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗಲ್ಮನ್ ಹಗ್ಗ ಎಳೆಸಿ ನೋಡಿದಾಗ, ಜನ ಹೆಚ್ಚಿದಷ್ಟೂ ತಲಾ ಒಬ್ಬರು ಹಾಕುವ ಬಲ ಕಡಿಮೆಯಾಗುತ್ತ ಹೋಯಿತು. ಹಗ್ಗದಲ್ಲಿ ಯಾರ ಪಾಲು ಎಷ್ಟೆಂದು ಕಾಣುವುದಿಲ್ಲ. ಜಿಮ್‌ನಲ್ಲಿ ಪಕ್ಕದವರು ಒಂದೊಂದೇ ಎಣಿಸುತ್ತಿರುವುದರಿಂದ ಯಾರ ಪಾಲೂ ಅಡಗುವುದಿಲ್ಲ.

ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಎಂಬ ಅಳುಕು ಹೊಸಬರಿಗೆ ಸಹಜ. ಅದರಲ್ಲಿ ಒಂದಿಷ್ಟು ನಿಜವೂ ಇದೆ: ನೋಡುವವರಿದ್ದಾಗ ಪಳಗಿದ ಕೆಲಸ ಚೆನ್ನಾಗುತ್ತದೆ, ಹೊಸ ಕೆಲಸ ತಡವರಿಸುತ್ತದೆ ಎಂದು ಮನಶ್ಶಾಸ್ತ್ರಜ್ಞ ರಾಬರ್ಟ್ ಝಾಯನ್ಸ್ 1965ರಲ್ಲಿ ವಿವರಿಸಿದರು. ಸ್ಕ್ವಾಟ್‌ನ ಸರಿಯಾದ ಭಂಗಿ ಕೈಗೂಡುವವರೆಗೆ ಜನ ಕಡಿಮೆಯಿರುವ ಹೊತ್ತಿಗೆ ಹೋಗುವುದು ಹೇಡಿತನವಲ್ಲ, ಜಾಣತನ.

ಜೊತೆಯಾಗಿ ವ್ಯಾಯಾಮ ಮಾಡುವ ಒಡನಾಟ ಪರದೇಶದ ಜಿಮ್‌ಗಳೊಂದಿಗೆ ಬಂದದ್ದು ಎಂಬುದೂ ತಪ್ಪು. ಮೈಸೂರಿನ ಗರಡಿಮನೆಗಳಲ್ಲಿ ಇದು ಹಳೆಯ ರೂಢಿ. ಕುಸ್ತಿಯಾಡುವ ಕೆಂಪು ಮಣ್ಣಿನ ಮಟ್ಟಿಗೆ ನಮಸ್ಕರಿಸಿ ಇಳಿದ ಹುಡುಗನಿಗೆ ಉಸ್ತಾದರ ಜೊತೆಗೆ ಹಿರಿಯ ಪೈಲ್ವಾನರೂ ಪಟ್ಟು ಹೇಳಿಕೊಡುತ್ತಾರೆ. ಕುಸ್ತಿಗೆ ಎದುರಾಳಿ ಬೇಕೇಬೇಕಾದ್ದರಿಂದ, ಒಬ್ಬ ತಪ್ಪಿಸಿಕೊಂಡರೆ ಇನ್ನೊಬ್ಬನ ಸಾಮು ನಿಲ್ಲುತ್ತದೆ.

ಕೊನೆಯದು ಅಪಾಯದ ನಂಬಿಕೆ: ನೋವಾದಷ್ಟೂ ಲಾಭ ಎಂಬುದು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ದೋಣಿಸ್ಪರ್ಧಿಗಳು ಅಷ್ಟೇ ಶ್ರಮವನ್ನು ಒಂಟಿಯಾಗಿ ಪಟ್ಟದ್ದಕ್ಕಿಂತ ಒಟ್ಟಾಗಿ ಪಟ್ಟಾಗ ಹೆಚ್ಚು ನೋವು ತಾಳಿದರೆಂದು ಅಲ್ಲಿನ ಸಂಶೋಧಕರು ಕಂಡುಕೊಂಡರು. ಜೊತೆ ನೋವನ್ನು ಮರೆಸಬಲ್ಲದು. ಎಚ್ಚರ ಬೇಕಾದದ್ದೂ ಅದಕ್ಕೇ. ಒಂದೆರಡು ದಿನ ಇರುವ ಸ್ನಾಯುವಿನ ಬಿಗಿತ ಸಾಮಾನ್ಯ. ಕೀಲಿನಲ್ಲಿ ಚುಚ್ಚಿದಂಥ ನೋವು ಬಂದರೆ ಅಲ್ಲಿಗೇ ನಿಲ್ಲಿಸಬೇಕು. ಬೆಂಚ್ ಪ್ರೆಸ್‌ಗೆ ಸಪೋರ್ಟ್ ಕೊಡುವವರು ‘ಇನ್ನೊಂದು’ ಎಂದು ಹುರಿದುಂಬಿಸುವುದರ ಜೊತೆಗೆ ಎತ್ತುವವರ ಮುಖವನ್ನೂ ನೋಡುತ್ತ, ರಾಡ್ ಹಿಡಿಯಲು ಕೈ ಸಿದ್ಧವಾಗಿಟ್ಟುಕೊಂಡಿರಬೇಕು.