ಕಣ್ಣಿನಲ್ಲೇ ತೂಗುವವರು

ಚಾರ್ಮಾಡಿ ಘಾಟಿಯ ತಪ್ಪಲಿನಲ್ಲಿ ಏಪ್ರಿಲ್ ಎಂದರೆ ಮಂಗಟ್ಟೆಗಳ ಬಾಣಂತನದ ಕಾಲ. ಮಲಬಾರ್ ಬೂದು ಮಂಗಟ್ಟೆಯ ಹೆಣ್ಣು ಮರದ ಪೊಟರೆಯೊಳಗೆ ಕೂತು, ಬಾಗಿಲನ್ನು ತನ್ನ ಹಿಕ್ಕೆಯಿಂದಲೇ ಮೆತ್ತಿ, ಕೊಕ್ಕು ತೂರುವಷ್ಟು ಸೀಳನ್ನು ಮಾತ್ರ ಉಳಿಸಿಕೊಂಡಿರುತ್ತದೆ. ಹಣ್ಣು ತರುವುದು ಗಂಡಿನ ಪಾಲು. ಅದು ಪಕ್ಕದ ಕೊಂಬೆಗೆ ಬಂದು ಕೂರುತ್ತದೆ. ಕಿತ್ತಳೆ ಹಳದಿಯ ಕೊಕ್ಕನ್ನು ಓರೆ ಮಾಡಿ ಸುತ್ತ ನೋಡುತ್ತದೆ. ಬಳಿಕ ಗಂಟಲಿನಿಂದ ಒಂದೊಂದೇ ಗೋಳಿಹಣ್ಣನ್ನು ಕೊಕ್ಕಿನ ತುದಿಗೆ ಉರುಳಿಸಿ ಸೀಳಿನೊಳಗೆ ಇಡುತ್ತದೆ. ಗಂಡು ಬಾರದೆ ಹೋದರೆ ಒಳಗಿನ ಜೀವಗಳಿಗೆ ಉಳಿಗಾಲ ಕಷ್ಟ. ಅದಕ್ಕೇ ಇರಬೇಕು, ಪೊಟರೆ ಹೊಗುವ ಮೊದಲು ಹೆಣ್ಣು ಗಂಡನ್ನು ಬಹಳ ನೋಡುತ್ತದೆ. ತಂದದ್ದನ್ನು ಒಮ್ಮೆ ತೆಗೆದುಕೊಳ್ಳುತ್ತದೆ, ಇನ್ನೊಮ್ಮೆ ಕತ್ತು ಹೊರಳಿಸಿಬಿಡುತ್ತದೆ. ಆ ಹೊರಳಿನ ಹಿಂದೆ ಏನಿದೆಯೆಂದು ತಿಳಿಯಬೇಕಾದರೆ ಮರದ ಬುಡದಲ್ಲಿ ಅಲುಗಾಡದೆ ಕೂರಬೇಕು.

ನಮ್ಮ ಕಡೆ ಚುನಾವಣೆ ಬರುವುದೂ ಇದೇ ಕಾಲದಲ್ಲಿ. ಗೇರುಹಣ್ಣು ಬಿದ್ದು ಕೊಳೆತ ವಾಸನೆ ಗುಡ್ಡೆಯಿಡೀ ಹರಡಿರುವಾಗ, ಕಕ್ಕೆಮರದಲ್ಲಿ ನಿಂಬೆಹಳದಿಯ ಗೊಂಚಲು ಜೋತಿರುವಾಗ, ಜೀಪುಗಳು ಕೆಂಪು ಧೂಳೆಬ್ಬಿಸುತ್ತ ಓಣಿಗಳೊಳಗೆ ಇಳಿಯುತ್ತವೆ. ಹಕ್ಕಿ ನೋಡಲು ಹೊರಟ ನಾನು ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಓಣಿಗಳಲ್ಲಿ ಮತದಾರರನ್ನೂ ನೋಡುತ್ತ ಬಂದಿದ್ದೇನೆ. ಅವರು ಅಭ್ಯರ್ಥಿಯನ್ನು ಅಳೆಯುವ ಬಗೆ ಭಾಷಣದ ಮೈದಾನದಲ್ಲಿ ಕಾಣಿಸುವುದಿಲ್ಲ. ಅದು ಕಾಣಿಸುವುದು ಮನೆಯ ಜಗಲಿಯಲ್ಲಿ.

ಸಿದ್ಧಕಟ್ಟೆಯ ಕಡೆ ಅಂಥ ಒಂದು ಜಗಲಿ. ನಡುವಯಸ್ಸಿನ ಹೆಂಗಸೊಬ್ಬರು ಕಾಲು ಚಾಚಿ, ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ನೆನೆಸಿದ ಎಲೆಗೆ ತಾಮ್ರ ಬೆರೆತ ಹಸಿರು ಬಣ್ಣ. ಎಲೆಯ ಮೇಲೆ ತಂಬಾಕಿನ ಚಿಟಿಕೆ, ಎರಡು ಬೆರಳ ನಡುವೆ ಒಂದು ಉರುಳು, ತುದಿಗೆ ಒಂದು ಒತ್ತು, ನೂಲಿಗೆ ಎರಡು ಸುತ್ತು. ಅಭ್ಯರ್ಥಿ ಹತ್ತು ಹನ್ನೆರಡು ಜನರೊಂದಿಗೆ ಅಂಗಳಕ್ಕೆ ಇಳಿದಾಗಲೂ ಆ ಬೆರಳು ನಿಲ್ಲಲಿಲ್ಲ. ಕಣ್ಣು ಮಾತ್ರ ಎದ್ದಿತು. ಮೊದಲು ಅಭ್ಯರ್ಥಿಯ ಕಾಲಿನ ಕಡೆಗೆ, ಆಮೇಲೆ ಮುಖಕ್ಕೆ. ಅವರು ಚಪ್ಪಲಿಯನ್ನು ಮೆಟ್ಟಿಲ ಕೆಳಗೆ ಬಿಟ್ಟು ಹತ್ತಿದರು. ರಸ್ತೆಯ ಮಾತಾಡಿದಾಗ ನೂಲಿನ ಸುತ್ತು ಹಾಗೆಯೇ ಓಡುತ್ತಿತ್ತು. ಬೀಡಿ ಮಜೂರಿಯ ಮಾತು ಬಂದಾಗ ಸ್ವಲ್ಪ ನಿಧಾನವಾಯಿತು. "ನಿಮ್ಮ ಯಜಮಾನರ ಕಾಲಿನ ಗಾಯ ಒಣಗಿತಾ ಅಕ್ಕಾ?" ಎಂದು ಅವರು ಕೇಳಿದಾಗ ಬೆರಳು ನಿಂತಿತು. ಆಗ ಒಳಗಿನಿಂದ ಬೆಲ್ಲ, ನೀರು ಬಂತು. ಅಭ್ಯರ್ಥಿ ಬೆಲ್ಲದ ತುಂಡನ್ನು ಬಾಯಿಗಿಟ್ಟು, ಚೆಂಬನ್ನು ಎತ್ತಿ ಕುಡಿದರು. ಜೊತೆಗಿದ್ದ ಒಬ್ಬ ಹುಡುಗ ಬೇಡವೆಂದು ಕೈ ಆಡಿಸಿದ. ಆ ಕೈಯನ್ನೂ ಬೀಡಿ ಕಟ್ಟುತ್ತಿದ್ದವರ ಕಣ್ಣು ಗುರುತಿಸಿಕೊಂಡಿತು.

ಗುಂಪು ಓಣಿ ತಿರುಗಿದ ಮೇಲೆ ಅವರು ಪಕ್ಕದ ಮನೆಯವರಿಗೆ ಹೇಳಿದ್ದು ಇಷ್ಟೇ: "ಜನ ಅಡ್ಡಿಲ್ಲ ಮಾರಾಯ್ತಿ. ಕಳೆದ ಸಲ ಬಂದವರು ಚಪ್ಪಲಿಯಲ್ಲೇ ಜಗಲಿ ಹತ್ತಿದ್ದರು."

ಇದನ್ನು ಸಣ್ಣ ವಿಷಯವೆಂದು ನಾನು ತಿಳಿಯುವುದಿಲ್ಲ. ಗಾಯದ ನೆನಪು ಇದ್ದವನಿಗೆ ನಾಳೆ ಅರ್ಜಿಯ ನೆನಪೂ ಇರಬಹುದು ಎಂಬ ಲೆಕ್ಕ ಆ ನಿಂತ ಬೆರಳಿನಲ್ಲಿತ್ತು. ನಮ್ಮ ಕಡೆ ಗುಣವನ್ನು ಯಾರೂ ಪ್ರಚಾರದ ಎರಡು ವಾರಗಳಲ್ಲಿ ತೂಗುವುದಿಲ್ಲ. ಅದರ ತೂಕ ಐದು ವರ್ಷ ನಡೆಯುತ್ತದೆ: ಬೊಜ್ಜದ (ಉತ್ತರಕ್ರಿಯೆಯ) ಊಟದ ಪಂಕ್ತಿಯಲ್ಲಿ ಯಾರು ಕೊನೆಯ ತನಕ ಕೂತರು, ನೇಮದ ರಾತ್ರಿ ಯಾರು ಬಂದು ದೈವದ ಎದುರು ಸುಮ್ಮನೆ ನಿಂತು ಹೋದರು, ಕಂಬಳದ ಕರೆಯ ಬದಿಯಲ್ಲಿ ಯಾರು ಕೆಸರಿಗೆ ಅಂಜಲಿಲ್ಲ. 2019ರ ಆಗಸ್ಟ್‌ನಲ್ಲಿ ಬೆಳ್ತಂಗಡಿಯ ಘಟ್ಟದಂಚಿನ ಹಳ್ಳಿಗಳ ಮೇಲೆ ಗುಡ್ಡವೂ ನೀರೂ ಒಟ್ಟಿಗೆ ಇಳಿದು ಬಂದವು. ತೋಟಗಳ ಮೇಲೆ ಮರಳು ನಿಂತಿತು, ಚಾರ್ಮಾಡಿಯ ರಸ್ತೆ ಮುಚ್ಚಿತು. ಆ ವಾರ ತಮ್ಮ ಅಂಗಳಕ್ಕೆ ಯಾರು ಬಂದರು, ಎಷ್ಟು ಹೊತ್ತು ನಿಂತರು, ಕಾಲಿಗೆ ಕೆಸರು ಎಲ್ಲಿಯ ತನಕ ಹತ್ತಿತ್ತು ಎಂಬುದನ್ನು ಹಿರಿಯರು ಈಗಲೂ ಮಳೆಯ ಪ್ರಮಾಣದಷ್ಟೇ ಖಚಿತವಾಗಿ ಹೇಳುತ್ತಾರೆ.

ಅನುಭವದ ತೂಕ ಇನ್ನೂ ಸೂಕ್ಷ್ಮ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ವಿಧಾನಸಭಾ ಕ್ಷೇತ್ರಗಳಲ್ಲಿ ಹಳಬರಿಗೆ ದೊರೆತ ಗೌರವ ಕಡಿಮೆಯದಲ್ಲ. ಬಂಟ್ವಾಳದಲ್ಲಿ ಬಿ. ರಮಾನಾಥ ರೈ 1985ರಿಂದ ಸತತ ನಾಲ್ಕು ಸಲ, 2004ರ ಸೋಲಿನ ಬಳಿಕ 2008 ಮತ್ತು 2013ರಲ್ಲಿ ಮತ್ತೆರಡು ಸಲ ಗೆದ್ದವರು, ಅರಣ್ಯ ಸಚಿವರಾಗಿದ್ದವರು. ಮೂಡುಬಿದಿರೆಯಲ್ಲಿ ಅಭಯಚಂದ್ರ ಜೈನ್ 1999ರಿಂದ ಸತತ ನಾಲ್ಕು ಸಲ. ಬೆಳ್ತಂಗಡಿಯ ಕೆ. ವಸಂತ ಬಂಗೇರರದ್ದು ಎಲ್ಲಕ್ಕಿಂತ ಕುತೂಹಲದ ದಾಖಲೆ: 1983, 1985ರಲ್ಲಿ ಬಿಜೆಪಿ, 1994ರಲ್ಲಿ ಜನತಾದಳ, 2008 ಮತ್ತು 2013ರಲ್ಲಿ ಕಾಂಗ್ರೆಸ್. ಮೂರು ಚಿಹ್ನೆ, ಐದು ಗೆಲುವು. ಚಿಹ್ನೆ ಬದಲಾದಾಗಲೂ ಜನ ಹಿಂದೆ ಬಂದರೆಂದರೆ ಅವರು ತೂಗಿದ್ದು ಮನುಷ್ಯನನ್ನೇ ಎಂದು ನಾನು ಓದಿಕೊಳ್ಳುತ್ತೇನೆ. ಬಂಗೇರರ ಬಗ್ಗೆ, ಸಿಟ್ಟಿನಲ್ಲಿ ಮಾತಾಡಿದರೂ ಫೋನ್ ಎತ್ತುತ್ತಾರೆ ಎಂದು ಹೇಳುವವರು ಬಹಳ ಜನ ಇದ್ದರು.

ಆದರೆ 2018ರ ಮೇ 12ರಂದು ಇದೇ ಜನ ಈ ಮೂವರನ್ನೂ ಒಂದೇ ದಿನ ಇಳಿಸಿದರು. ಮೂರೂ ಕಡೆ ಬಿಜೆಪಿಯಿಂದ ಹೊಸಬರು ಗೆದ್ದರು: ಬಂಟ್ವಾಳದಲ್ಲಿ ರಾಜೇಶ್ ನಾಯ್ಕ್, ಬೆಳ್ತಂಗಡಿಯಲ್ಲಿ ಹರೀಶ್ ಪೂಂಜ, ಮೂಡುಬಿದಿರೆಯಲ್ಲಿ ಉಮಾನಾಥ ಕೋಟ್ಯಾನ್. 2023ರಲ್ಲಿ ರಾಜ್ಯವಿಡೀ ಕಾಂಗ್ರೆಸ್ 135 ಸ್ಥಾನ ಪಡೆದಾಗಲೂ ಈ ಮೂರು ಕ್ಷೇತ್ರಗಳು ಅದೇ ಮೂವರನ್ನು ಉಳಿಸಿಕೊಂಡವು. ಹಳೆಯ ಶಾಸಕರ ಹೆಸರು ತೆಗೆದಾಗ ಚಾ ಅಂಗಡಿಯ ಬೆಂಚಿನಲ್ಲಿ ಈಗಲೂ ದನಿ ತಗ್ಗುತ್ತದೆ, ಗೌರವದಿಂದಲೇ ತಗ್ಗುತ್ತದೆ. ಗೌರವ ಒಂದು, ಮತ ಇನ್ನೊಂದು. ಅನುಭವವನ್ನು ಒಂದು ಹಂತದ ತನಕ ಭರವಸೆಯಾಗಿ ಎಣಿಸುವ ಜನ, ಆ ಹಂತ ದಾಟಿದ ಮೇಲೆ ಅದನ್ನೇ ದಣಿವೆಂದು ಎಣಿಸುತ್ತಾರೆ. ಆ ಗೆರೆ ಎಲ್ಲಿದೆಯೆಂದು ಯಾವ ಅಭ್ಯರ್ಥಿಗೂ ಮುಂಚಿತವಾಗಿ ಕಾಣಿಸಿದ್ದನ್ನು ನಾನು ನೋಡಿಲ್ಲ.

ನೀತಿಯ ಮಾತು ಕೇಳಬೇಕಾದರೆ ಮೂಡುಬಿದಿರೆ ಪೇಟೆಗೆ ಹೋಗಬೇಕು. 1430ರ ಸಾವಿರ ಕಂಬದ ಬಸದಿಯ ಬೀದಿಯಿಂದ ತುಸು ಈಚೆ, ಅಡಿಕೆ ಮಾರಿ ಬಂದವರು ಬೆಳಗ್ಗೆ ಹತ್ತರ ಹೊತ್ತಿಗೆ ಹೋಟೆಲಿನಲ್ಲಿ ಸೇರುತ್ತಾರೆ. ಬನ್ಸ್ ಮುರಿಯುತ್ತ ಅವರು ಆಡುವ ಮಾತಿನಲ್ಲಿ ಪ್ರಣಾಳಿಕೆ ಎಂಬ ಪದ ಬರುವುದಿಲ್ಲ. ಹೊರದೇಶದ ಅಡಿಕೆ ಒಳಗೆ ಬರುತ್ತದಾ, ಕಿಂಡಿ ಅಣೆಕಟ್ಟಿಗೆ ಹಲಗೆ ಸಮಯಕ್ಕೆ ಹಾಕುತ್ತಾರಾ, ಎಲೆಚುಕ್ಕಿ ರೋಗಕ್ಕೆ ಮದ್ದು ಕೊಡುತ್ತಾರಾ ಎಂಬುದಷ್ಟೇ ಬರುತ್ತದೆ. ಎಲೆಚುಕ್ಕಿ ಹಿಡಿದ ಸೋಗೆಯನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಕಂದು ಬೊಟ್ಟಿನ ಸುತ್ತ ಹಳದಿಯ ಉಂಗುರ. ಬೊಟ್ಟುಗಳು ಕೂಡಿ ಕೂಡಿ ಕೊನೆಗೆ ಗರಿಯಿಡೀ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಅಂಥ ತೋಟದಲ್ಲಿ ನಿಂತು ಬಂದವನಿಗೆ ನೀತಿ ಎಂದರೆ ಆ ಉಂಗುರದ ಅಗಲ. ಯಾವ ಪಕ್ಷದವನೇ ಇರಲಿ, ತೋಟದೊಳಗೆ ನಡೆದು ಬಂದು ಸೋಗೆಯನ್ನು ತಿರುಗಿಸಿ ನೋಡಿದವನ ಮಾತಿಗೆ ಅಲ್ಲಿ ಕಿವಿ ಹೆಚ್ಚು.

ಇಷ್ಟು ಹೇಳಿ ನಿಲ್ಲಿಸಿದರೆ ಕಂಡದ್ದರಲ್ಲಿ ಅರ್ಧವನ್ನು ಬಚ್ಚಿಟ್ಟಂತಾಗುತ್ತದೆ. ಅದೇ ಹೋಟೆಲಿನಲ್ಲಿ, ಅದೇ ಬೆಂಚಿನಲ್ಲಿ, ಮಾತು ಒಮ್ಮೊಮ್ಮೆ ತಟ್ಟನೆ ಸಣ್ಣದಾಗುತ್ತದೆ. ಒಬ್ಬರು ಬಾಗಿಲ ಕಡೆ ನೋಡುತ್ತಾರೆ, ಇನ್ನೊಬ್ಬರು ಲೋಟವನ್ನು ಬೆರಳಲ್ಲಿ ತಿರುಗಿಸುತ್ತಾರೆ. ಆಗ ತೂಗುತ್ತಿರುವುದು ಜಾತಿ, ಮತ, ಮತ್ತು ಎಷ್ಟೋ ವರ್ಷಗಳಿಂದ ಕರಾವಳಿಯ ಗಾಳಿಯಲ್ಲಿರುವ ಭಯ. ಈ ಭಯ ಗುಣವನ್ನೂ ಕೆಲಸವನ್ನೂ ಬದಿಗೆ ಸರಿಸುವುದನ್ನು ನಾನು ಕಂಡಿದ್ದೇನೆ. ಅಂಗಳಕ್ಕೆ ಬಂದು ಬೆಲ್ಲ ತಿಂದು ಹೋದವನಿಗೆ ಮತ ಹಾಕದೆ, ಒಮ್ಮೆಯೂ ಮುಖ ತೋರಿಸದವನ ಚಿಹ್ನೆ ಒತ್ತಿ ಬಂದವರಿದ್ದಾರೆ. ಅದು ನನಗೆ ನೋವಿನ ವಿಷಯ.

ಹಾಗೆಯೇ, ಯಾರನ್ನೂ ಒಪ್ಪದೆ ಬಂದವರೂ ಇದ್ದಾರೆ. 2024ರ ಏಪ್ರಿಲ್ 26ರಂದು ದಕ್ಷಿಣ ಕನ್ನಡ ಲೋಕಸಭಾ ಕ್ಷೇತ್ರದಲ್ಲಿ 23 ಸಾವಿರಕ್ಕೂ ಹೆಚ್ಚು ಮಂದಿ ನೋಟಾದ ಗುಂಡಿ ಒತ್ತಿದರು. ಬೆಳ್ತಂಗಡಿ ತಾಲೂಕಿನಲ್ಲಿ 2012ರಲ್ಲಿ ಕೊಲೆಯಾದ ವಿದ್ಯಾರ್ಥಿನಿಗೆ ನ್ಯಾಯ ಬೇಕು ಎಂದು ಹೋರಾಡುತ್ತಿದ್ದವರು ಆ ಗುಂಡಿಯನ್ನೇ ಒತ್ತಿ ಎಂದು ಮನೆಮನೆಗೆ ಕೇಳಿಕೊಂಡಿದ್ದರು. ಮಂಗಟ್ಟೆಯ ಹೆಣ್ಣು ಕತ್ತು ಹೊರಳಿಸುವುದನ್ನು ನೋಡಿದ ಕಣ್ಣಿಗೆ ಈ ನಿರಾಕರಣೆಯೂ ಒಂದು ತೀರ್ಮಾನವಾಗಿಯೇ ಕಾಣುತ್ತದೆ.

ಅದೇ ದಿನ, ಅದೇ ತಾಲೂಕಿನ ನೆರಿಯ ಗ್ರಾಮದ ಬಾಂಜಾರುಮಲೆಯ ಮತಗಟ್ಟೆಯಲ್ಲಿ ಪಟ್ಟಿಯಲ್ಲಿದ್ದ 111 ಮಂದಿಯೂ ಮತ ಹಾಕಿದರು. ನೂರಕ್ಕೆ ನೂರು. ಘಟ್ಟದ ಕಾಡಿನೊಳಗೆ ಹುದುಗಿದ ಮಲೆಕುಡಿಯರ ಊರು ಅದು.   ಈ ಕಡೆಯ ಕಾಡಿನೂರುಗಳ ಮತಗಟ್ಟೆಗಳಿಂದ ಹೊರಬರುವವರ ಎಡಗೈ ತೋರುಬೆರಳನ್ನು ನಾನು ಯಾವಾಗಲೂ ನೋಡುತ್ತೇನೆ. ಮೈಸೂರಿನ ಕಾರ್ಖಾನೆಯ ಶಾಯಿ ಹಚ್ಚಿದ ಕ್ಷಣಕ್ಕೆ ನೇರಳೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಬಿಸಿಲು ತಾಗಿದಂತೆ ಕಂದಾಗಿ, ಬಳಿಕ ಕಪ್ಪಿಗೆ ಹತ್ತಿರವಾಗುತ್ತದೆ. ಉಗುರಿನ ಬುಡದಲ್ಲಿ ಅದು ವಾರಗಟ್ಟಲೆ ಉಳಿಯುತ್ತದೆ, ಹೊಸ ಉಗುರು ತಳ್ಳುವ ತನಕ. ಬೂತಿನೊಳಗೆ ವಿವಿಪ್ಯಾಟ್‌ನ ಗಾಜಿನ ಹಿಂದೆ ಚೀಟಿ ಏಳು ಸೆಕೆಂಡು ಕಾಣಿಸುತ್ತದೆ. ಹಿರಿಯರಲ್ಲಿ ಕೆಲವರು ಚೀಟಿ ಬಿದ್ದ ಮೇಲೂ ಗಾಜನ್ನು ನೋಡುತ್ತ ನಿಲ್ಲುತ್ತಾರಂತೆ. ಚುನಾವಣಾ ಕರ್ತವ್ಯಕ್ಕೆ ಹೋಗಿಬಂದ ಮೇಷ್ಟ್ರೊಬ್ಬರು ಹೇಳಿದ್ದು. ನಾನು ಅದನ್ನು ನಂಬುತ್ತೇನೆ. ಐದು ವರ್ಷ ತೂಗಿದ್ದಕ್ಕೆ ಏಳು ಸೆಕೆಂಡು ಸಾಲುವುದಿಲ್ಲ.

ಈ ತೂಕ ಶಾಸಕರ ಆಯ್ಕೆಗೇ ನಿಲ್ಲುವುದೂ ಇಲ್ಲ. ರಾಷ್ಟ್ರಪತಿಯನ್ನು ಈ ಜನ ನೇರವಾಗಿ ಆರಿಸುವುದಿಲ್ಲ. 2022ರ ಜುಲೈ 18ರಂದು ದ್ರೌಪದಿ ಮುರ್ಮು ಮತ್ತು ಯಶವಂತ ಸಿನ್ಹಾ ನಡುವೆ ಆಯ್ಕೆ ನಡೆದಾಗ ಇವರ ಪರವಾಗಿ ಮತ ಹಾಕಬೇಕಾದವರಲ್ಲಿ ಈ ಮೂರು ಕ್ಷೇತ್ರಗಳ ಶಾಸಕರೂ ಇದ್ದರು. ಶಾಸಕರಿಗೆ ಗುಲಾಬಿ ಮತಪತ್ರ, ಗುರುತು ಹಾಕಲು ಆಯೋಗವೇ ಕೊಡುವ ನೇರಳೆ ಶಾಯಿಯ ಪೆನ್ನು. ಪಕ್ಷಗಳು ಆ ಮತಕ್ಕೆ ವಿಪ್ ಹೊರಡಿಸುವಂತಿಲ್ಲ. ರಾಯರಂಗಪುರದ ಪುರಸಭೆಯಿಂದ ಶಾಸಕಿಯಾಗಿ, ಸಚಿವೆಯಾಗಿ, ಜಾರ್ಖಂಡಿನ ರಾಜ್ಯಪಾಲರಾಗಿ ಬಂದ ಸಂತಾಲ ಸಮುದಾಯದ ಮುರ್ಮು ಅವರು ಗೆದ್ದರು. ಸಿದ್ಧಕಟ್ಟೆಯ ಜಗಲಿಯಲ್ಲಿ ನಿಂತ ಬೆರಳಿನ ತೂಕವೂ ಶಾಸಕರ ಮೂಲಕ ಅಲ್ಲಿಯ ತನಕ ಹೋಗುತ್ತದೆ. ಕರ್ನಾಟಕದ ಒಬ್ಬ ಶಾಸಕರ ಮತಕ್ಕೆ ರಾಷ್ಟ್ರಪತಿ ಚುನಾವಣೆಯಲ್ಲಿ 131ರ ಮೌಲ್ಯ. ಮೂರು ಕ್ಷೇತ್ರ ಸೇರಿ 393. ರಾಜ್ಯದ ಜನಸಂಖ್ಯೆಯನ್ನು 224 ಶಾಸಕರಿಗೆ ಹಂಚಿ, ಮತ್ತೆ ಸಾವಿರದಿಂದ ಭಾಗಿಸಿ ಪಡೆದ ಅಂಕಿ ಅದು. ಆ ಜನಸಂಖ್ಯೆ ಈಗಿನದಲ್ಲ, 1971ರ ಜನಗಣತಿಯದು. 2026ರ ನಂತರ ನಡೆಯುವ ಮೊದಲ ಜನಗಣತಿಯ ಅಂಕಿಅಂಶ ಪ್ರಕಟವಾಗುವ ತನಕ ಅದೇ ಲೆಕ್ಕ ಮುಂದುವರಿಯುತ್ತದೆ.