ಹೊಕ್ಕುಳ ಸುತ್ತಿನ ಇಂಜೆಕ್ಷನ್ನಿಂದ ದೇರಳಕಟ್ಟೆಯ ಲ್ಯಾಬಿನವರೆಗೆ

ಹುಚ್ಚುನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ನು! ಆ ಮಾತಿಗೇ ಬೆವೆತು, ಬೀದಿನಾಯಿ ಕಂಡರೆ ಗೋಡೆಗೆ ಒತ್ತಿಕೊಂಡು ಸಾಗುತ್ತಿದ್ದ ಮಕ್ಕಳು ಈಗ ನಲವತ್ತು, ಐವತ್ತು ದಾಟಿರುತ್ತಾರೆ. ಆ ಸಿರಿಂಜಿನಲ್ಲಿ ಏನಿದೆ ಎಂದು ಆಗ ಯಾರೂ ಹೇಳುತ್ತಿರಲಿಲ್ಲ. ಇದ್ದದ್ದು ಕುರಿಯ ಮಿದುಳು. ಕುರಿಯ ಮಿದುಳಿನಲ್ಲಿ ರೇಬಿಸ್ ವೈರಸ್ ಬೆಳೆಸಿ, ಅರೆದು, ವೈರಸ್ಸನ್ನು ಸಾಯಿಸಿ ಲಸಿಕೆ ಮಾಡುತ್ತಿದ್ದರು. ಫೀನಾಲ್ ಹಾಕಿ ಸಾಯಿಸುವ ಕ್ರಮವನ್ನು 1911ರಲ್ಲಿ ಕಸೌಲಿಯಲ್ಲಿ ರೂಪಿಸಿದವರು ಡೇವಿಡ್ ಸೆಂಪಲ್. ಹೆಚ್ಚುಕಡಿಮೆ ತೊಂಬತ್ತು ವರ್ಷ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಜಾತಿಯ ಲಸಿಕೆಯೇ ನಡೆಯಿತು. ಅದು ಉಳಿಸಿದ ಜೀವಗಳಿಗೆ ಲೆಕ್ಕವಿಲ್ಲ.

ಆದರೆ ಕೆಲವರಿಗೆ ಲಸಿಕೆಯ ಸುತ್ತು ಮುಗಿಯುವ ಹೊತ್ತಿಗೆ ಬೇರೆಯೇ ಕಾಯಿಲೆ ಹಿಡಿಯುತ್ತಿತ್ತು. ಜ್ವರ, ತಲೆನೋವು, ಆಮೇಲೆ ಕಾಲಿನ ಶಕ್ತಿ ಉಡುಗುವುದು, ಮೂತ್ರ ಕಟ್ಟುವುದು. ರೇಬಿಸ್ಸೇ ಬಂತು ಎಂದು ಮನೆಯವರು ಕೈಚೆಲ್ಲಿ ಕೂರುವ ಸ್ಥಿತಿ. ಅದು ರೇಬಿಸ್ ಆಗಿರಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಇಂಥ ರೋಗಿಗಳನ್ನು ಗಮನಿಸಿ 1984ರಲ್ಲಿ ವಿವರವಾದ ವರದಿಯನ್ನೇ ಪ್ರಕಟಿಸಿದರು. ಕುರಿಯ ಮಿದುಳಿನ ಅಂಶವನ್ನು ಹೊರಗಿನದು ಎಂದು ಗುರುತಿಟ್ಟುಕೊಂಡ ಶರೀರ, ಅದನ್ನೇ ಹೋಲುವ ಸ್ವಂತ ಮಿದುಳು, ಬೆನ್ನುಹುರಿಯ ಮೇಲೂ ಏರಿಹೋಗುತ್ತಿತ್ತು.

ಇದಕ್ಕೆ ಎಷ್ಟೋ ಮೊದಲೇ, ಲಸಿಕೆಯ ಈ ಒಗಟಿನ ಬೆನ್ನು ಹತ್ತಿ, ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಥಾಮಸ್ ರಿವರ್ಸ್ 1930ರ ದಶಕದಲ್ಲಿ ಕೋತಿಗಳಿಗೆ ಮೊಲದ ಮಿದುಳಿನ ಸಾರವನ್ನು ಚುಚ್ಚಿ ನೋಡಿದರು. ಅದರಲ್ಲಿ ವೈರಸ್ ಇರಲಿಲ್ಲ. ತಿಂಗಳುಗಟ್ಟಲೆ ಚುಚ್ಚಿದ ಮೇಲೆ ಕೆಲವು ಕೋತಿಗಳ ಕೈಕಾಲು ಸೋತವು. ಅವುಗಳ ಮಿದುಳಿನಲ್ಲಿ ನರತಂತುಗಳಿಗೆ ಹೊದ್ದ ಮೈಲಿನ್ ಪೊರೆ ಅಲ್ಲಲ್ಲಿ ಸವೆದುಹೋಗಿತ್ತು. ಸೋಂಕೇ ಇಲ್ಲದೆ, ಕಾಯಬೇಕಾದ ವ್ಯವಸ್ಥೆಯೇ ನರಮಂಡಲವನ್ನು ಕೆಡವಬಲ್ಲದು ಎಂಬ ಸುಳಿವು ಸಿಕ್ಕಿತು. ಇಂದು ನ್ಯೂರೋಇಮ್ಯುನಾಲಜಿ ಎಂದು ಕರೆಯುವ ಶಾಖೆಯ ಒಂದು ತಾಯಿಬೇರು ಇಲ್ಲಿದೆ. ಆ ಸೂಜಿಯಿಂದ ನರಳಿದ, ಹೆಸರು ಉಳಿಯದ ರೋಗಿಗಳಿಗೆ ಈ ಶಾಸ್ತ್ರ ಋಣಿ ಎಂದೇ ನನ್ನ ಭಾವನೆ.

ಇಂಥ ಕಾಯಿಲೆಗಳು ಹಲವು. ನರ ಬಂದು ಸ್ನಾಯುವನ್ನು ಸೇರುವ ಜಾಗಕ್ಕೆ ಏಟು ಬಿದ್ದರೆ ಮಯಸ್ತೇನಿಯಾ. ಬೆಳಿಗ್ಗೆ ಸರಿಯಿದ್ದ ರೆಪ್ಪೆ ಸಂಜೆಗೆ ಜೋತುಬೀಳುತ್ತದೆ. ಕೈಕಾಲಿನ ನರಗಳಿಗೆ ಬಿದ್ದರೆ ಗಿಲನ್-ಬಾರೆ. ಮಿದುಳು, ಬೆನ್ನುಹುರಿಯ ಮೈಲಿನ್ನಿಗೆ ಬಿದ್ದರೆ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂ.ಎಸ್. ನಾನು ಹೇಳಹೊರಟಿರುವುದು ಎಂ.ಎಸ್. ನೆರಳಲ್ಲಿ ನೂರು ವರ್ಷ ಮರೆಯಾಗಿದ್ದ ಇನ್ನೊಂದು ಕಾಯಿಲೆಯ ಬಗ್ಗೆ, ಅದನ್ನು ಬೇರ್ಪಡಿಸಿ ತೋರಿಸುವ ಕೆಲಸದ ಬಗ್ಗೆ.

ನ್ಯೂರೋಮಯಲೈಟಿಸ್ ಆಪ್ಟಿಕಾ ಅದರ ಹೆಸರು, ಎನ್.ಎಂ.ಓ. ಅಂದರೆ ಸಾಕು. ಫ್ರಾನ್ಸಿನ ಯೂಜೀನ್ ಡೆವಿಕ್ 1894ರಲ್ಲೇ ವಿವರಿಸಿದ್ದರು. ಕಣ್ಣಿನ ನರಕ್ಕೂ ಬೆನ್ನುಹುರಿಗೂ ಕೂಡಿ ಬರುತ್ತದೆ, ಹೆಚ್ಚಾಗಿ ಹೆಂಗಸರಿಗೆ. ಎಂ.ಎಸ್.ನ ಉಗ್ರರೂಪ ಇದು ಎಂದೇ ಬಹುಕಾಲ ಅನೇಕರು ನಂಬಿದ್ದರು. 2004ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ವಾಂಡಾ ಲೆನನ್ ಮತ್ತು ಸಂಗಡಿಗರು, ಎನ್.ಎಂ.ಓ. ರೋಗಿಗಳ ಸೀರಮ್ಮನ್ನು, ಅಂದರೆ ರಕ್ತದ ತಿಳಿಯನ್ನು, ಇಲಿಯ ಮಿದುಳಿನ ತೆಳು ಹೋಳಿಗೆ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ, ಸಣ್ಣ ರಕ್ತನಾಳಗಳ ಅಂಚಿನುದ್ದಕ್ಕೂ ಹೊಳಪು ಹತ್ತಿಕೊಂಡಿತ್ತು ಎಂದು ವರದಿ ಮಾಡಿದರು. ಎಂ.ಎಸ್. ರೋಗಿಗಳ ಸೀರಮ್ಮಿಗೆ ಆ ಗುರುತು ಇರಲಿಲ್ಲ. ಮರುವರ್ಷ ಆ ಹೊಳಪಿಗೆ ಕಾರಣವಾದ ಆ್ಯಂಟಿಬಾಡಿಯ, ಅಂದರೆ ಶರೀರದ ಕಾವಲು ಪ್ರೋಟೀನಿನ, ಗುರಿಯೂ ಸಿಕ್ಕಿತು: ಅಕ್ವಾಪೋರಿನ್-4. ಕೆರೆಗೆ ತೂಬಿದ್ದ ಹಾಗೆ ಕೋಶಕ್ಕೆ ನೀರಿನ ಹೋಗುಬರವು ನಡೆಸುವ ಪ್ರೋಟೀನು ಅದು. ಇರುವುದು ಮೈಲಿನ್ನಿನಲ್ಲಲ್ಲ, ನರಕೋಶಗಳನ್ನು ಸಾಕಿ ಸಲಹುವ ಆಸ್ಟ್ರೋಸೈಟ್ ಕೋಶಗಳಲ್ಲಿ, ಅದರಲ್ಲೂ ಅವು ರಕ್ತನಾಳವನ್ನು ತಬ್ಬುವ ಕಡೆಯಲ್ಲಿ. ಮೊದಲ ಏಟೇ ಬೇರೆ ಜಾಗಕ್ಕೆ ಬೀಳುತ್ತದೆ ಅಂದಮೇಲೆ ಕಾಯಿಲೆಯೂ ಬೇರೆಯೇ.

ಇದು ಬರೀ ಹೆಸರಿನ ಜಗಳವಲ್ಲ. ಎಂ.ಎಸ್.ಗೆ ಕೊಡುವ ಬೀಟಾ-ಇಂಟರ್‌ಫೆರಾನ್, ಫಿಂಗೋಲಿಮೋಡ್‌ನಂಥ ಔಷಧಿ ಎನ್.ಎಂ.ಓ.ವನ್ನು ಕೆರಳಿಸಬಹುದು. ತಪ್ಪು ಹೆಸರು ಬರೆದರೆ ಔಷಧಿಯೇ ಕಣ್ಣಿಗೆ ಕುತ್ತು. ಗುರುತು ಹಿಡಿಯುವುದೂ ಸುಲಭವಲ್ಲ. ಕೆಲವರಿಗೆ ಇದು ಶುರುವಾಗುವುದು ಬಿಕ್ಕಳಿಕೆಯಿಂದ! ನೀರು ಕುಡಿದರೂ ಉಸಿರು ಬಿಗಿಹಿಡಿದರೂ ನಿಲ್ಲದೆ ದಿನಗಟ್ಟಲೆ ಕಾಡುವ ಬಿಕ್ಕಳಿಕೆ, ಜೊತೆಗೆ ವಾಂತಿ. ಮಿದುಳಿನ ಬುಡದಲ್ಲಿರುವ, ವಾಂತಿಯನ್ನು ನಿಯಂತ್ರಿಸುವ ಜಾಗದಲ್ಲಿ ಊತ ಬಂದಿರುತ್ತದೆ. ರೋಗಿ ಹೊಟ್ಟೆಯ ಡಾಕ್ಟರ ಬಾಗಿಲಲ್ಲಿ ಕೂತಿರುತ್ತಾಳೆ, ಎಂಡೋಸ್ಕೋಪಿ ಆಗುತ್ತದೆ, ಹೊಟ್ಟೆಯಲ್ಲಿ ಏನೂ ಇಲ್ಲ ಎನ್ನುತ್ತಾರೆ. ವಾರಗಳ ಮೇಲೆ ಕಣ್ಣು ಮಂಜಾದಾಗಲೇ ಎಳೆ ಸಿಗುವುದು.

ನಮ್ಮ ಕರಾವಳಿಯ ಪಾಲು ಬರುವುದು ಇಲ್ಲಿ. ಮಂಗಳೂರಿನ ಪಕ್ಕದ ದೇರಳಕಟ್ಟೆಯಲ್ಲಿ ನಿಟ್ಟೆ ವಿಶ್ವವಿದ್ಯಾಲಯದ ಕೆ.ಎಸ್. ಹೆಗ್ಡೆ ಮೆಡಿಕಲ್ ಅಕಾಡೆಮಿ ಇದೆ. ಅಲ್ಲಿ ನರರೋಗ ತಜ್ಞೆ ಡಾ. ಲೇಖಾ ಪಂಡಿತ್ ಮತ್ತು ಸಂಗಡಿಗರು ಮೈಲಿನ್ ಕಾಯಿಲೆಗಳ ರೋಗಿಗಳಿಗೆಂದೇ ನೋಂದಣಿ ಪುಸ್ತಕವೊಂದನ್ನು ತೆರೆದರು. ಭಾರತದಲ್ಲಿ ಎಂ.ಎಸ್. ಲಕ್ಷಕ್ಕೆ ಒಬ್ಬರಿಗೆ ಎಂಬ ಅಂದಾಜು ಹಿಂದೆ ಚಾಲ್ತಿಯಲ್ಲಿತ್ತು. ಮಂಗಳೂರು ನಗರದಲ್ಲಿ ಎಣಿಸಿ 2014ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಎಂ.ಎಸ್. ಲಕ್ಷಕ್ಕೆ ಸುಮಾರು 8, ಎನ್.ಎಂ.ಓ. ಎರಡು-ಮೂರು. ನಮ್ಮಲ್ಲಿ ಅಪರೂಪ ಅಂದುಕೊಂಡಿದ್ದು ನಮ್ಮ ಕೇರಿಯಲ್ಲೇ ಇತ್ತು, ಎಣಿಸುವವರು ಇರಲಿಲ್ಲ. ಕೂತು ಎಣಿಸುವ ಇಂಥ ಕೆಲಸಕ್ಕೆ ಹೆಸರು ಬರುವುದು ಕಡಿಮೆ, ಆದರೆ ಉಳಿದದ್ದೆಲ್ಲ ನಿಲ್ಲುವುದು ಅದರ ಮೇಲೆ.

ಅಲ್ಲಿಗೇ ಬಿಡದೆ, ಅಕ್ವಾಪೋರಿನ್-4 ಆ್ಯಂಟಿಬಾಡಿ ಪತ್ತೆಹಚ್ಚುವ ಪರೀಕ್ಷೆಯನ್ನೂ ಅವರು ತಮ್ಮ ಲ್ಯಾಬಿನಲ್ಲೇ ಕಟ್ಟಿಕೊಂಡರು. ಹೊರದೇಶದ ದುಬಾರಿ ಕಿಟ್ಟಿಗೆ ಕಾಯುವ ಜಾಗದಲ್ಲಿ ಇದು ಸಣ್ಣ ಸಂಗತಿಯಲ್ಲ. ಈ ಬಗೆಯ ಪರೀಕ್ಷೆಯ ಸೂತ್ರ ಹೀಗೆ: ಲ್ಯಾಬಿನಲ್ಲಿ ಸಾಕಿದ ಜೀವಕೋಶಗಳಿಗೆ ಅಕ್ವಾಪೋರಿನ್-4ರ ಜೀನು ಸೇರಿಸುತ್ತಾರೆ. ಆಗ ಕೋಶ ತನ್ನ ಮೈಮೇಲೆಲ್ಲ ಆ ತೂಬುಗಳನ್ನು ಹೊದ್ದುಕೊಳ್ಳುತ್ತದೆ. ಮೇಲೆ ರೋಗಿಯ ಸೀರಂ ಹಾಕಿ, ಆಮೇಲೆ ಚೆನ್ನಾಗಿ ತೊಳೆದು, ಮನುಷ್ಯರ ಆ್ಯಂಟಿಬಾಡಿಗೆ ಅಂಟುವ ಹೊಳೆವ ಬಣ್ಣ ಹಾಕುತ್ತಾರೆ. ಸೀರಮ್ಮಿನಲ್ಲಿ ಆ್ಯಂಟಿಬಾಡಿ ಇದ್ದರೆ ಕತ್ತಲಲ್ಲಿ ಕೋಶದ ಅಂಚು ಬಳೆಯಂತೆ ಬೆಳಗುತ್ತದೆ. ಇಲ್ಲದಿದ್ದರೆ ಕತ್ತಲೆ ಕತ್ತಲೆಯಾಗಿಯೇ ಉಳಿಯುತ್ತದೆ. ನೋಡಿ ತೀರ್ಮಾನಿಸುವುದು ಪಳಗಿದ ಕಣ್ಣು. ಮಬ್ಬಾಗಿ ಬೆಳಗಿದ ಕೋಶ ಸಿಕ್ಕಾಗ ಅವಸರ ಮಾಡುವಂತಿಲ್ಲ, ಆ ಬಳೆಯ ಮೇಲೆ ಒಬ್ಬಾಕೆಯ ಬಾಳು ನಿಂತಿರುತ್ತದೆ.

ಬಳೆ ಕಂಡರೆ ದಾರಿ ಖಚಿತ. ಸ್ಟೀರಾಯ್ಡ್‌ನಿಂದ ಊತ ಇಳಿಸಿ, ಮರುಕಳಿಸದಂತೆ ಅಝತಿಯೋಪ್ರಿನ್ ಅಥವಾ ರಿಟುಕ್ಸಿಮಾಬ್ ಕೊಡುತ್ತಾರೆ. 2019ರಿಂದೀಚೆಗೆ ಇದಕ್ಕೆಂದೇ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಎಕುಲಿಜುಮಾಬ್‌ನಂಥ ಮದ್ದುಗಳಿವೆ, ಆದರೆ ಅವುಗಳ ಬೆಲೆ ನಮ್ಮ ಮಧ್ಯಮವರ್ಗದ ಮನೆಗೂ ಎಟುಕುವಂಥದ್ದಲ್ಲ. ಹಳೆಯ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ಶುರುಮಾಡುವುದೇ ಹೆಚ್ಚಿನವರ ಪಾಲಿಗೆ ದಕ್ಕುವ ಚಿಕಿತ್ಸೆ, ಹಾಗಾಗಿ ಪರೀಕ್ಷೆ ಬೇಗ ಆಗಬೇಕು.

ಅದರಲ್ಲೊಂದು ಸಣ್ಣ ಎಚ್ಚರವಿದೆ. ಸ್ಟೀರಾಯ್ಡ್ ಅಥವಾ ಪ್ಲಾಸ್ಮಾ ಬದಲಾವಣೆ ಆದ ಮೇಲೆ ರಕ್ತದಲ್ಲಿ ಆ್ಯಂಟಿಬಾಡಿ ಇಳಿದು, ಇರುವ ಕಾಯಿಲೆಯೂ ಇಲ್ಲವೆಂದು ತೋರಬಹುದು. ಆದ್ದರಿಂದ ರಾತ್ರಿ ಹನ್ನೊಂದಕ್ಕೆ ಕಣ್ಣು ಕಾಣದೆ ಬಂದವಳಿಗೆ ಡ್ರಿಪ್ ಏರಿಸುವ ಮೊದಲು, ವಾರ್ಡಿನ ಸಿಸ್ಟರ್ ಒಂದು ಟ್ಯೂಬು ರಕ್ತ ತೆಗೆದು, ಹೆಸರು, ಹೊತ್ತು ಬರೆದು ಫ್ರಿಜ್ಜಿನಲ್ಲಿಟ್ಟಿರಬೇಕು.